ಕರೆಯಲು ಬರುವವರು

ನಾಗರಪಂಚಮಿಗೆ ತವರಿಗೆ ಬಂದಿದ್ದ ನನ್ನ ಮೊಮ್ಮಗಳನ್ನು ತಿರುಗಿ ಕರೆದುಕೊಂಡು ಹೋಗಲು ಅವಳ ಗಂಡನ ಮನೆಯಿಂದ ಯಾರೂ ಬರಲಿಲ್ಲ. ಆದ್ದರಿಂದ ನಾವು ಉಂಡಿ ತಿಂದೆವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಸೊಲ್ಲಾಪುರದಲ್ಲಿ ಚಾದರ, ಟಾವೆಲ್ ಮಾರುವ ಮನೆತನ. ಮದುವೆಯಾದ ಮಗಳು ಮೊದಲ ಪಂಚಮಿಗೆ ಬಂದರೆ ಹೋಗುವಾಗ ಬರಿಗೈಯಲ್ಲಿ ಹೋಗುವಂತಿಲ್ಲ. ಶೇಂಗಾ ಉಂಡಿ, ಎಳ್ಳಿನ ಉಂಡಿ, ಬೂಂದಿ ಉಂಡಿ ತುಂಬಿದ ಬುತ್ತಿ ಜೊತೆಗೆ ಹೋಗಬೇಕು. ನನ್ನ ಸೊಸೆ ಎಫಿಶಿಯೆಂಟ್ ಹೆಂಗಸು. ಹಬ್ಬ ಮುಗಿದ ಮರುದಿನವೇ ದೊಡ್ಡ ಸ್ಟೀಲ್ ಡಬ್ಬಿ ತುಂಬಿ, ಮೇಲೆ ಬಿಳಿ ಬಟ್ಟೆ ಕಟ್ಟಿ, ಪಡಸಾಲೆಯ ಕಪಾಟಿನ ಮೇಲೆ ಇಟ್ಟಳು. ಇವತ್ತು ಬಂದಾರು, ನಾಳೆ ಬಂದಾರು. ವಾರ ಕಳೆಯಿತು. ಶೇಂಗಾ ಕಮಟು ವಾಸನೆ ಹಿಡಿಯುವ ಮೊದಲು ಡಬ್ಬಿ ಬಿಚ್ಚಿ ನಾವೇ ತಿಂದು ಮುಗಿಸಿದೆವು. ಸೊಸೆ ಮತ್ತೆ ಉಂಡಿ ಕಟ್ಟಿದಳು. ಮತ್ತೆ ಯಾರೂ ಬರಲಿಲ್ಲ. ಮತ್ತೆ ತಿಂದೆವು. ಮೊಮ್ಮಗಳು ನಮ್ಮೂರ ಹೊರಗಿನ ಕೈಗಾರಿಕಾ ಪ್ರದೇಶ ಚಿಂಚೋಳಿ ಎಂಐಡಿಸಿಯ ಒಂದು ಟಾವೆಲ್ ಫ್ಯಾಕ್ಟರಿಯಲ್ಲಿ ಡಿಸೈನ್ ಸೆಕ್ಷನ್ನಿನಲ್ಲಿ ಇದ್ದಾಳೆ; ಅಲ್ಲಿಗೂ ಉಂಡಿ ಹೋಯಿತು.

"ನಿಮ್ಮಲ್ಲಿ ಪಂಚಮಿ ಎಷ್ಟ ದಿವಸ ಇರ್ತದ್ರಿ ಮ್ಯಾಡಮ್?" ಎಂದು ಅಲ್ಲಿಯವರು ಕೇಳಿದರಂತೆ.

"ಈ ವರ್ಷ ಎಕ್ಸ್‌ಟೆಂಡ್ ಆಗ್ಯಾದ್ರಿ" ಎಂದು ಇವಳು ಹೇಳಿದಳಂತೆ. ಮನೆಗೆ ಬಂದು ಅದನ್ನು ನಗುತ್ತ ನಮಗೇ ಹೇಳಿದಳು. ನಾವ್ಯಾರೂ ನಗಲಿಲ್ಲ.

ಅವಳ ಗಂಡನ ಮನೆ ಅಕ್ಕಲಕೋಟೆಯ ಈಚೆಗೆ ಒಂದು ಹಳ್ಳಿ. ಹೊಲ, ತೊಗರಿ, ಕಬ್ಬು, ಎಮ್ಮೆ, ಎಲ್ಲ ಅನುಕೂಲವಾಗಿರುವ ಮಂದಿ. ಪಂಚಮಿಯ ಹಿಂದಿನ ದಿನ ನನ್ನ ಮಗ ಕಾರು ತೆಗೆದುಕೊಂಡು ಹೋಗಿ ಮಗಳನ್ನು ಕರೆತಂದಿದ್ದ. ಇಲ್ಲಿಗೆ ನಮ್ಮ ಕೆಲಸ ಮುಗಿಯಿತು. ಪೇಟೆಯ ಮನೆಗಳಲ್ಲಿ ಕಟ್ಟಳೆ ಹಾಗಿದೆ: ತವರಿನವರು ಹೋಗಿ ತರಬೇಕು, ಗಂಡನ ಮನೆಯವರು ಬಂದು ಒಯ್ಯಬೇಕು. ತವರಿನವರು ತಾವೇ ಹೋಗಿ ಮಗಳನ್ನು ಬಿಟ್ಟು ಬರುವುದು ಎಂದರೆ ಬೇಡವಾದದ್ದನ್ನು ತಂದು ಬಾಗಿಲಲ್ಲಿ ಇಟ್ಟ ಹಾಗೆ. ಇದು ಜಗತ್ತಿನ ನಿಯಮ ಎಂದೇ ನಾವು ತಿಳಿದಿದ್ದೆವು.

"ಒಂದ್ ಫೋನರ ಮಾಡಿ ಕೇಳ್ರಿ, ಯಾವಾಗ ಬರ್ತೀರಿ ಅಂತ" ಎಂದು ಸೊಸೆ ನನ್ನ ಮಗನಿಗೆ ದಿನವೂ ಊಟಕ್ಕೆ ಬಡಿಸುವಾಗ ಹೇಳುವಳು.

"ನಾ ಯಾಕ ಮಾಡ್ಲಿ? ಬರ್ರಿ, ಒಯ್ರಿ ಅಂತ ನಾವ ಬೆನ್ನ ಹತ್ತಿದ್ರ ಮಗಳು ತವರಿಗಿ ಜಡ ಆಗ್ಯಾಳಂತ ತಿಳಕೋತಾರ."

"ಹಂಗಂದ್ರ ನೀವ ಹೋಗಿ ಬಿಟ್ಟು ಬರ್ರಿ."

"ಗಿರಾಕಿ ಖರೀದಿ ಮಾಡಿದ ಮಾಲು ಮನಿಗಿ ಮುಟ್ಟಸೋದು ಬ್ಯಾರೆ, ಮಗಳ್ನ ಮುಟ್ಟಸೋದು ಬ್ಯಾರೆ."

ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದ ಮೊಮ್ಮಗಳು ತಲೆ ಎತ್ತಿ, "ಪಪ್ಪಾ, ನಾ ಸಿಂಗಲ್ ಚಾದರ ಏನು, ಡಬಲ್?" ಎಂದಳು.

ಅವಳ ಅಪ್ಪ ಕೈತೊಳೆದು ಎದ್ದ.

ಗೌರಿ ಹಬ್ಬ ಹತ್ತಿರ ಬರುತ್ತಿತ್ತು. ಗೌರಿಯನ್ನು ಕೂಡಿಸುವ ದಿನ ಹೊಸ ಸೊಸೆ ಆ ಮನೆಯಲ್ಲಿ ಇರಲೇಬೇಕು. ಇರದಿದ್ದರೆ ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರು ಕೇಳುತ್ತಾರೆ. ಕೇಳಿದ ಮೇಲೆ ಮನೆಯವರು ಏನಾದರೊಂದು ಉತ್ತರ ಕಟ್ಟಬೇಕಾಗುತ್ತದೆ. ಕಟ್ಟಿದ ಉತ್ತರ ದಿನ ಹೋದ ಹಾಗೆ ನಿಜವಾಗುತ್ತದೆ. ಹೀಗೆ ತವರಿನಲ್ಲೇ ಉಳಿದುಹೋದ ಹೆಣ್ಣುಮಕ್ಕಳನ್ನು ನಾನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಅವರಲ್ಲಿ ಯಾರೂ ಜಗಳ ಮಾಡಿಕೊಂಡು ಬಂದವರಲ್ಲ. ಹಬ್ಬಕ್ಕೆಂದು ಬಂದವರು.

ಇನ್ನು ನನ್ನ ವಿಷಯ. ಕರೆಯಲು ಬರಬೇಕಾದವರು ಬರದಿದ್ದರೆ ನನಗೆ ಹೊಕ್ಕುಳದಿಂದ ಸ್ವಲ್ಪ ಮೇಲೆ ಒಂದು ಹಿಡಿತ ಬರುತ್ತಿತ್ತು. ಡಾಕ್ಟರು ಅದಕ್ಕೆ ಆ್ಯಸಿಡಿಟಿ ಎನ್ನುತ್ತಿದ್ದರು. ಇರಬಹುದು. ಆದರೆ ಅದು ಶುರುವಾದದ್ದು ಕಾನ್ವೆಂಟಿನಲ್ಲಿ, ಮನೆಯವರನ್ನು ಭೇಟಿ ಮಾಡಿಸುವ ಪಾರ್ಲರಿನಲ್ಲಿ.

ನನ್ನ ಅವ್ವ ಹೋದಾಗ ನಾನು ಸಣ್ಣವಳು. ಅಪ್ಪ ವ್ಯಾಪಾರಸ್ಥರು; ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ನನ್ನನ್ನು ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದರು. ಅದೂ ಸೊಲ್ಲಾಪುರದಲ್ಲೇ. ಮನೆಗೂ ಬೋರ್ಡಿಂಗಿಗೂ ಒಂದು ಟಾಂಗಾದ ಹಾದಿ. ರಜೆ ಬಿಡುವ ದಿನ ನಾವೆಲ್ಲ ತಗಡಿನ ಟ್ರಂಕು ಕಾಲ ಬಳಿ ಇಟ್ಟುಕೊಂಡು ಪಾರ್ಲರಿನ ಉದ್ದ ಬೆಂಚಿನ ಮೇಲೆ ಕೂಡಬೇಕು. ಸಿಸ್ಟರ್ ಬಾಗಿಲಲ್ಲಿ ನಿಂತು ಯಾರ ಮನೆಯವರು ಬಂದರೋ ಅವರ ಹೆಸರು ಕೂಗುತ್ತಿದ್ದರು. ಬೆಂಚು ಖಾಲಿಯಾಗುತ್ತ ಹೋಗುತ್ತಿತ್ತು. ಅಪ್ಪ ಅಂಗಡಿ ಮುಚ್ಚಿದ ಮೇಲೆ ಬರುವವರು. ಎಲ್ಲರಿಗಿಂತ ಕೊನೆಗೆ ಹೋಗುವವಳಿಗೆ ಏನಾದರೂ ಕೆಲಸ ಬೇಕಲ್ಲ ಎಂದು ಸಿಸ್ಟರ್ ನನಗೆ ಒಂದು ತುಂಡು ಫ್ಲಾನೆಲ್ ಕೊಟ್ಟು ಪಿಯಾನೋದ ಕೀ ಒರೆಸಲು ಹೇಳುತ್ತಿದ್ದರು. ಸದ್ದಾಗದ ಹಾಗೆ ಒರೆಸಬೇಕು. ಇವತ್ತಿಗೂ ನನಗೆ ಪಿಯಾನೋ ನುಡಿಸಲು ಬರುವುದಿಲ್ಲ. ಒರೆಸಲು ಬರುತ್ತದೆ.

ಅಪ್ಪ ತಪ್ಪದೆ ಬರುತ್ತಿದ್ದರು. ಬಂದು, ನನ್ನ ಮುಖ ನೋಡಿ, "ಬಂದೀನಲ್ಲವಾ? ಮತ್ತ ಅಳೂದ್ಯಾಕ?" ಎನ್ನುತ್ತಿದ್ದರು. ನ್ಯಾಯವಾದ ಪ್ರಶ್ನೆ.

ಮುಂದೆ ನನ್ನನ್ನು ಎರಡು ಕಡೆಯಿಂದ ನೋಡಲು ಬಂದರು. ಮೊದಲನೆಯವನು ಎಂ.ಎ. ಮಾಡಿದವನು. ಮೋಟರ್ ಸೈಕಲ್ ಇತ್ತು, ಇಂಗ್ಲಿಷ್ ಚೆನ್ನಾಗಿತ್ತು, ಗಲ್ಲದಲ್ಲಿ ಕುಳಿ ಬೀಳುತ್ತಿತ್ತು. ಮುಂಜಾನೆ ಬರುತ್ತೇವೆಂದವರು ಮಧ್ಯಾಹ್ನ ಬಂದರು. ಅಷ್ಟು ಹೊತ್ತೂ ನಾನು ರೇಷ್ಮೆ ಸೀರೆ ಉಟ್ಟು ಒಳಗಿನ ಕೋಣೆಯಲ್ಲಿ ಕೂತಿದ್ದೆ. ಹೊಟ್ಟೆಯಲ್ಲಿ ಆ ಹಿಡಿತ ಏರುತ್ತಲೇ ಇತ್ತು. ಅವನು ಬಂದು ನಕ್ಕಾಗ ಅದು ಒಮ್ಮೆಲೇ ಸಡಿಲಾಯಿತು. ಕಾನ್ವೆಂಟಿನ ಲೈಬ್ರರಿಯ ಕಾದಂಬರಿಗಳಲ್ಲಿ ಪ್ರೀತಿಯ ಬಗ್ಗೆ ಬರೆದದ್ದೆಲ್ಲ ಇದೇ ಲಕ್ಷಣ. ನಾನು ಅದಕ್ಕೆ ಲವ್ ಎಂದು ಹೆಸರಿಟ್ಟೆ. ಹೇಳಿ ಕಳಿಸುತ್ತೇವೆ ಎಂದು ಹೋದವರು ವಾರಗಟ್ಟಲೆ ಹೇಳಿ ಕಳಿಸಲಿಲ್ಲ. ಪ್ರತಿ ವಾರವೂ ಅವನು ನನಗೆ ಹಿಂದಿನ ವಾರಕ್ಕಿಂತ ಹೆಚ್ಚು ಸೇರತೊಡಗಿದ.

ಅಷ್ಟರಲ್ಲಿ ಎರಡನೆಯವರು ಬಂದರು. ಹೇಳಿದ ವೇಳೆಗಿಂತ ಮೊದಲೇ ಬಂದರು. ನನ್ನ ಸೋದರತ್ತೆ ಇನ್ನೂ ಅಂಗಳಕ್ಕೆ ನೀರು ಹಾಕುತ್ತಿದ್ದಳು. "ಗಡಬಡ ಮಾಡಬ್ಯಾಡ್ರಿ, ನಾ ಇಲ್ಲೇ ಕೂಡ್ತೀನಿ" ಎಂದು ಅವರು ಕಟ್ಟೆಯ ಒಣಗಿದ ಜಾಗ ನೋಡಿ ಕೂತು, ಜೇಬಿನಿಂದ ಪೇಪರ್ ತೆಗೆದು ಓದತೊಡಗಿದರಂತೆ. ನನ್ನ ಹೊಟ್ಟೆಯಲ್ಲಿ ಏನೂ ಆಗಲಿಲ್ಲ. ಏನೂ ಆಗಲಿಲ್ಲವಾದ್ದರಿಂದ ಇದು ಲವ್ ಅಲ್ಲ ಎಂದು ತೀರ್ಮಾನಿಸಿದೆ. ಮರುದಿನ ಮುಂಜಾನೆ ಅವರ ಮನೆಯಿಂದ ಒಪ್ಪಿಗೆ ಬಂತು.

"ಎಂ.ಎ.ಯವರ ಸುದ್ದಿ ಬರಲಿ, ನೋಡೂಣು" ಎಂದೆ ನಾನು.

ಸೋದರತ್ತೆ ನಾಲ್ಕನೇ ಇಯತ್ತೆ ಓದಿದವಳು. "ನಿನಗ ಕಾಯೋದ ಚಟ ಹತ್ತ್ಯಾದ" ಎಂದಳು. "ಕಾಯೋ ಚಟ ಇದ್ದವರಿಗಿ, ಬಂದವರು ರುಚಿ ಹತ್ತಂಗಿಲ್ಲ."

ನನಗೆ ಸಿಟ್ಟು ಬಂತು. ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಹೂಂ ಎಂದೆ. ಯಾಕೆ ಹೂಂ ಎಂದೆ ಎಂದು ಕೇಳಿದರೆ, ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತವರ ಬೆನ್ನು ನನಗೆ ಕಿಟಕಿಯಿಂದ ಕಂಡಿತ್ತು. ಆ ಬೆನ್ನಿಗೆ ಎಲ್ಲಿಗೂ ಹೋಗುವ ಅವಸರ ಇರಲಿಲ್ಲ.

ಮದುವೆಯಾಗಿ ಮೊದಲ ಪಂಚಮಿಗೆ ತವರಿಗೆ ಬಂದಾಗ, ನಾಳೆ ಬರುತ್ತೇನೆ ಎಂದಿದ್ದ ನಮ್ಮವರು ಇವತ್ತೇ ಬಂದು ಕಟ್ಟೆಯ ಮೇಲೆ ಕೂತಿದ್ದರು. ಉಂಡಿ ಇನ್ನೂ ಕಟ್ಟಿರಲಿಲ್ಲ.

"ನಾಳೆ ಅಂದಿದ್ರಲ್ಲ?" ಎಂದೆ.

"ನಾಳೆ ಬಸ್ಸಿಗಿ ಗದ್ದಲ ಇರ್ತದ" ಎಂದರು.

ನಮ್ಮ ಎರಡು ಮನೆಗಳ ನಡುವೆ ಎರಡು ಓಣಿ ಮತ್ತು ಒಂದು ಹಿಟ್ಟಿನ ಗಿರಣಿ ಇದ್ದವು. ಬಸ್ಸು ಇರಲಿಲ್ಲ.

ಆಮೇಲೆ ನಲವತ್ತು ಚಿಲ್ಲರೆ ವರ್ಷ ಅವರು ನನ್ನನ್ನು ಎಲ್ಲೆಲ್ಲಿಂದಲೋ ಕರೆಯಲು ಬಂದರು: ಗುಡಿಯಿಂದ, ದವಾಖಾನೆಯಿಂದ, ಬೇರೆಯವರ ಸೀಮಂತದಿಂದ. ಸದಾ ಹೊತ್ತಿಗೆ ಮುಂಚೆ. ಹೆಂಗಸರು ನನ್ನನ್ನು ನೋಡಿ ನಗುತ್ತಿದ್ದರು. "ಬಂದ್ರು ನೋಡ್ರಿ, ಇವರ ಪೋಲೀಸು." ಮೊದಮೊದಲು ನನಗೂ ಅದು ಸಪ್ಪೆ ಅನ್ನಿಸುತ್ತಿತ್ತು. ಮೆಲ್ಲಗೆ ಹೊಟ್ಟೆಯ ಹಿಡಿತ ಬರುವುದು ಕಡಿಮೆಯಾಯಿತು. ಯಾವ ವರ್ಷ ನಿಂತಿತು ಎಂದು ಹೇಳಲಾರೆ. ನಿಂತದ್ದು ಯಾರಿಗಾದರೂ ಗೊತ್ತಾಗುತ್ತದೆಯೇ? ಶುರುವಾದದ್ದು ಮಾತ್ರ ಗೊತ್ತಾಗುತ್ತದೆ. ಈಗಿನವರು ಇದಕ್ಕೆ ಎಮೋಷನಲ್ ಸೆಕ್ಯೂರಿಟಿ ಎನ್ನುತ್ತಾರೆ. ನಮ್ಮ ಕಾಲದಲ್ಲಿ ಸೆಕ್ಯೂರಿಟಿ ಎಂದರೆ ಅಂಗಡಿಯ ಬೀಗ.

ಈ ಮೊಮ್ಮಗಳನ್ನು ಸಾಲೆಯಿಂದ ಕರೆತರುತ್ತಿದ್ದವರೂ ಅವರೇ. ಕೊನೆಯ ಪೀರಿಯಡ್ ಶುರುವಾಗುವ ಮೊದಲೇ ಗೇಟಿನ ಬಳಿ ಕೊಡೆ ಹಿಡಿದು ನಿಂತಿರುವರು. "ಅಜ್ಜಾರ, ನಿಮ್ಮ ಗಡಿಯಾರ ಮುಂದ ಓಡ್ತದೇನ್ರಿ?" ಎಂದು ವಾಚ್‌ಮನ್ ಕೇಳುತ್ತಿದ್ದನಂತೆ. ಕ್ಲಾಸಿನ ಕಿಟಕಿಯಿಂದ ಇವಳಿಗೆ ಆ ಕಪ್ಪು ಕೊಡೆ ಕಾಣುತ್ತಿತ್ತು. ಹಾಗಾಗಿ ಈ ಹುಡುಗಿ ಕಾಯುವ ವಿದ್ಯೆಯನ್ನು ಕಲಿಯಲೇ ಇಲ್ಲ. ಸಾಲೆಯಲ್ಲಿ ಕಲಿಸದ ವಿಷಯವನ್ನು ದೊಡ್ಡವರಾದ ಮೇಲೆ ಕಲಿಯುವುದು ಕಷ್ಟ.

ಅದು ಗೊತ್ತಾದದ್ದು ಅವಳಿಗೆ ವರ ನೋಡುವಾಗ. ಪುಣೆಯ ಒಬ್ಬ ಹುಡುಗ ಬಂದಿದ್ದ. ಮುಂಜಾನೆ ಎದ್ದರೆ ಗುಡ್ ಮಾರ್ನಿಂಗ್, ಮಧ್ಯಾಹ್ನ ಊಟ ಆಯ್ತೇನು, ಸಂಜೆಗೆ ಹೃದಯದ ಚಿತ್ರಗಳು. ಉತ್ತರ ತಡವಾದರೆ ಅಳುವ ಮುಖ. ಇವಳು ಫೋನ್ ತೋರಿಸಿದಾಗ ನನಗಂತೂ ಕಣ್ಣು ತುಂಬಿ ಬಂತು. ಇಷ್ಟು ಕೇರಿಂಗ್ ಹುಡುಗ ಎಲ್ಲಿ ಸಿಗುತ್ತಾನೆ?

"ಬ್ಯಾಡಾಯಿ" ಎಂದಳು. ನನ್ನನ್ನು ಅವಳು ಆಯಿ ಎನ್ನುತ್ತಾಳೆ. "ಅಂವಗ ನಾ ಬೇಕಾಗಿಲ್ಲ. ಹಾಜರಿ ಬೇಕಾಗ್ಯಾದ."

ಆಮೇಲೆ ಈ ಅಕ್ಕಲಕೋಟೆ ಕಡೆಯ ರೈತ. ಬಿ.ಎಸ್ಸಿ. ಅಗ್ರಿ ಮಾಡಿಕೊಂಡು ಹೊಲ ನೋಡುತ್ತಾನೆ. ನೋಡಲು ಬಂದ ದಿನ ಎರಡು ಪ್ಲೇಟು ಪೋಹೆ ತಿಂದ. ಇವಳಿಗೆ ಒಂದೇ ಪ್ರಶ್ನೆ ಕೇಳಿದನಂತೆ: ಟಾವೆಲ್ ತೊಳೆದಷ್ಟೂ ಯಾಕೆ ನೀರು ಚೆನ್ನಾಗಿ ಹೀರುತ್ತದೆ ಎಂದು. ಅವರು ಹೋದ ಮೇಲೆ ಇವಳು ಒಳಗೆ ಬಂದು ನನ್ನ ಮಂಚದ ಮೇಲೆ ಅಡ್ಡಾದಳು.

"ಹೆಂಗನಿಸಿದ?" ಎಂದೆ.

"ಅಂವನ ಎದುರಿಗಿ ಕೂತಾಗ ನನಗ ಆಕಳಿಕಿ ಬಂತು, ಆಯಿ."

"ಬೋರ್ ಆತೇನು?"

"ಇಲ್ಲ. ಮನ್ಯಾಗ ಬರ್ತದಲ್ಲ, ಹಂಗ ಬಂತು." ಹಾಗೆಂದವಳು ಅಲ್ಲೇ ನಿದ್ದೆ ಹೋದಳು. ಆ ಎಂ.ಎ. ಹುಡುಗನ ವಿಷಯದಲ್ಲಿ ನನಗೆ ವಾರಗಟ್ಟಲೆ ನಿದ್ದೆ ಬಂದಿರಲಿಲ್ಲ.

ಈಗ ಆ ಆಕಳಿಕೆಯ ಗಂಡ ಕರೆಯಲು ಬರುತ್ತಿಲ್ಲ. ದಿನಾ ಸಂಜೆ ಫೋನಿನಲ್ಲಿ ಮಾತು ಮಾತ್ರ ಇತ್ತು. ಬಟ್ಟೆ ಮಡಚುತ್ತ ಸ್ಪೀಕರ್ ಹಾಕಿ ಮಾತಾಡುತ್ತಾಳೆ. ಕೇಳಿಸಿಕೊಳ್ಳಲು ಯಾರೂ ಕಷ್ಟಪಡಬೇಕಾಗಿಲ್ಲ.

"ಎಮ್ಮಿ ಈಯ್ತೇನು?"

"ಹ್ಞೂಂ. ಹೆಣ್ಣ ಕರಾ."

"ಛಲೋ ಆತು."

"ಅವ್ವ ಗಿಣ್ಣ ಮಾಡ್ಯಾಳ."

"ನನಗ ಇಟ್ಟೀರೇನು?"

"ಕೆಡ್ತದ."

"ಹಂಗಂದ್ರ ತಿನ್ನು."

"ತಿಂದೀವಿ."

ಫೋನ್ ಬಂದ್. ನನ್ನ ಸೊಸೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇವಳ ವಯಸ್ಸಿನಲ್ಲಿ ನನಗೆ ಯಾರಾದರೂ ಹಾಗೆ 'ತಿಂದೀವಿ' ಎಂದಿದ್ದರೆ ಎಂಟು ದಿನ ಅಳುತ್ತಿದ್ದೆ. ಇವಳು ದಿಂಬಿನ ಚೀಲವನ್ನು ನಾಲ್ಕು ಮಡಿಕೆ ಮಾಡಿ ಇಟ್ಟಳು.

ನಾನು ನೇರವಾಗಿ ಕೇಳಿಯೇ ಬಿಟ್ಟೆ. "ಯಾವಾಗ ಬರ್ತಿ ಅಂತ ಕೇಳಿಯೇನು ಅಂವಗ?"

"ಇಲ್ಲ."

"ಯಾಕ?"

"ಹೊಳಿಲಿಲ್ಲ."

"ಅಂವಾದ್ರೂ ಕೇಳ್ಯಾನೇನು, ನೀ ಯಾವಾಗ ಬರ್ತಿ ಅಂತ?"

"ಇಲ್ಲ."

"ಬ್ಯಾಡಾಗೀನೋ ಏನೋ ಅಂತ ನಿನಗ ಅನಸಂಗಿಲ್ಲ?"

ಅವಳು ನನ್ನನ್ನು ನೋಡಿದ ರೀತಿ ನೆನಪಿದೆ. ಸೊಲ್ಲಾಪುರದಲ್ಲಿ ಸಮುದ್ರ ಎಲ್ಲಿದೆ ಎಂದು ನಾನು ಕೇಳಿದ್ದರೂ ಹಾಗೇ ನೋಡುತ್ತಿದ್ದಳು. "ಆಯಿ, ಅಂವಗ ತೊಗರಿಗಿ ಔಷಧ ಹೊಡಿಯೋದದ. ನನಗ ಇಲ್ಲಿಂದ ಫ್ಯಾಕ್ಟರಿ ಹತ್ತರ ಆಗ್ತದ. ನೀ ಇದ್ದಿ. ಉಂಡಿ ಅದಾವ. ಪ್ರಾಬ್ಲೆಮ್ ಏನದ?"

"ಗೌರಿಗಿ?"

"ಗೌರಿಗಿ ಹೋಗ್ತೀನಲ್ಲ. ಬಸ್ ಅದಾವಲ್ಲ."

ಒಳಗಿನಿಂದ ಸೊಸೆ ಕೂಗಿದಳು: "ಕರಿಯಾಕ ಬರದ ಒಬ್ಬಾಕಿನ ಹೋಗಿ ಬಾಗಲಾ ಬಡದ್ರ ಏನಂದಾರು ಅವರು?"

"ಹಗಲಿ ಬಾಗಲಾ ತೆರದ ಇರ್ತದ, ಮಮ್ಮಿ."

ನಿಶ್ಚಿಂತೆ ಮತ್ತು ಪೆದ್ದತನ ಹೊರಗಿನಿಂದ ನೋಡಲು ಒಂದೇ ಥರ ಕಾಣುತ್ತವೆ. ಇವಳದು ಯಾವುದು ಎಂದು ನನಗೆ ತಿಳಿಯಲಿಲ್ಲ. ಆ ಮನೆಯವರಿಗೆ ನಿಜವಾಗಿ ಇವಳು ಬೇಡವಾಗಿದ್ದರೆ, ಅದು ಇವಳಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಗುತ್ತದೆ. ಬೆಂಚಿನ ಮೇಲೆ ಕೂತು ಅಭ್ಯಾಸವಿದ್ದವಳು ಮನೆಯಲ್ಲಿ ನಾನೊಬ್ಬಳೇ. ಬೆಂಚು ಖಾಲಿಯಾಗುವುದು ನನಗೆ ಕಾಣುತ್ತಿತ್ತು.

ಗೌರಿಗೆ ಎರಡು ದಿನ ಇರುವಾಗ ಸೊಸೆ ಮತ್ತೊಮ್ಮೆ ಉಂಡಿ ತುಂಬಿಟ್ಟಿದ್ದ ಡಬ್ಬಿಯನ್ನು ನಾನು ಕಪಾಟಿನ ಮೇಲಿಂದ ಇಳಿಸಿದೆ. "ನಾ ಕರಕೊಂಡು ಹೋಗ್ತೀನಿ ಆಕಿನ್ನ" ಎಂದೆ.

ಮಗ ಅಂಗಡಿಗೆ ಹೊರಟವನು ನಿಂತ. "ಅವ್ವಾ, ನೀ ಹೋಗಿ ಬಿಟ್ಟು ಬಂದ್ರ ಮನಿತನದ ಮಾನ ಏನಾಗಬೇಕು?"

"ಮುದುಕಿ ಅಕ್ಕಲಕ್ವಾಟಿಗಿ ಸ್ವಾಮಿ ದರ್ಶನಕ್ಕ ಹೊಂಟಿದ್ಲು, ಹಾದ್ಯಾಗ ಮೊಮ್ಮಗಳ್ನ ಇಳಿಸಿದ್ಲು ಅಂತ ಹೇಳು. ಮಾನ ಅಲ್ಲೇ ಇರ್ತದ."

ಬಸ್ಸು ದರ್ಶನಕ್ಕೆ ಹೋಗುವವರಿಂದ ತುಂಬಿತ್ತು. ಮೊಮ್ಮಗಳು ಕಿಟಕಿಗೆ ತಲೆ ಆನಿಸಿ ಊರು ದಾಟುವ ಮೊದಲೇ ನಿದ್ದೆ ಹೋದಳು. ನಾನು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೀಗತಿಯ ಮುಂದೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ರಿಹರ್ಸ್ ಮಾಡಿದೆ. ಮೊದಲು ಇಂಗ್ಲಿಷಿನಲ್ಲಿ ಮಾಡಿದೆ, ಅದು ಬಹಳ ಚೆನ್ನಾಗಿ ಬಂತು. ಕನ್ನಡಕ್ಕೆ ತಂದಾಗ ಜಗಳದ ಹಾಗೆ ಕೇಳಿಸಿತು.

ದೊಡ್ಡ ರಸ್ತೆಯಿಂದ ಹಳ್ಳಿಯ ಹಾದಿ ಕವಲೊಡೆಯುವ ಫಾಟಾದಲ್ಲಿ ಇಳಿದೆವು. ಹಳ್ಳಿ ಅಲ್ಲಿಂದ ಒಳಗೆ. ಬರುತ್ತಿದ್ದೇವೆ ಎಂದು ಇವಳು ಗಂಡನಿಗೆ ಮೆಸೇಜ್ ಹಾಕಿದ್ದಳು. ಉತ್ತರಕ್ಕೆ ಒಂದು ಹೆಬ್ಬೆರಳು ಬಂದಿತ್ತು. ಫಾಟಾದಲ್ಲಿ ಯಾರೂ ಇರಲಿಲ್ಲ. ಒಂದು ಚಹಾದ ಟಪರಿ, ಒಂದು ನಾಯಿ. ಎಷ್ಟೋ ವರ್ಷ ಕಾಣದೆ ಇದ್ದ ಹಿಡಿತ ಸರಿಯಾಗಿ ಅದೇ ಜಾಗಕ್ಕೆ ಬಂದು ಕೂತಿತು.

"ನಡಿ ಆಯಿ, ದೂರಿಲ್ಲ" ಎಂದು ಇವಳು ಹೊರಟೇಬಿಟ್ಟಳು.

ಹತ್ತು ಹೆಜ್ಜೆ ಹೋಗಿರಲಿಲ್ಲ, ಎದುರಿನಿಂದ ಸ್ಕೂಟಿ ಬಂತು. ಇವಳದೇ ಸ್ಕೂಟಿ, ಪಂಚಮಿಗೆ ಬರುವಾಗ ಅಲ್ಲೇ ಬಿಟ್ಟು ಬಂದಿದ್ದಳು. ಮೇಲೆ ಇವಳ ಗಂಡ, ಮೈಯೆಲ್ಲ ಔಷಧದ ವಾಸನೆ. ಗಾಡಿ ನಿಲ್ಲಿಸಿ ನನಗೆ ಕೈ ಮುಗಿದ. "ಬರ್ರಿ ಆಯಿ, ಕೂಡ್ರಿ" ಎಂದ. ನಾನು ಡಬ್ಬಿಯನ್ನು ಮೊಮ್ಮಗಳ ಕೈಗೆ ಕೊಟ್ಟು ಹಿಂದೆ ಕೂತೆ. 'ಡಬ್ಬಿ ತಾ' ಎಂದು ಹೆಂಡತಿಯ ಕೈಯಿಂದ ಡಬ್ಬಿ ತೆಗೆದುಕೊಂಡು ಮುಂದೆ ಕಾಲ ಬಳಿ ಇಟ್ಟುಕೊಂಡ. ಆಮೇಲೆ ಗಾಡಿಯಲ್ಲಿ ಜಾಗ ಉಳಿಯಲಿಲ್ಲ.

"ನೀ ಬರ್ತಿ ಅಲ್ಲ?" ಎಂದ ಅವಳಿಗೆ.

"ಹ್ಞೂಂ, ಹೋಗು" ಎಂದಳು ಇವಳು.

ಹೀಗೆ, ಒಂದು ತಿಂಗಳಾದ ಮೇಲೆ ಹೆಂಡತಿಯನ್ನು ಕರೆಯಲು ಬಂದವನು ಹೆಂಡತಿಯ ಅಜ್ಜಿಯನ್ನೂ ಉಂಡಿಯ ಡಬ್ಬಿಯನ್ನೂ ಕರೆದುಕೊಂಡು ಹೋದ. ತಿರುಗಿ ನೋಡಿದರೆ ಇವಳು ಹಾದಿಬದಿಯ ಸೂರ್ಯಕಾಂತಿಯ ಫೋಟೋ ತೆಗೆಯುತ್ತಿದ್ದಳು.

ಮನೆಯ ಕಟ್ಟೆಯ ಮೇಲೆ ಬೀಗತಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ನಾನೊಬ್ಬಳೇ ಗಾಡಿಯಿಂದ ಇಳಿದದ್ದನ್ನು ನೋಡಿ ಎದ್ದು ನಿಂತರು. ಮೊರದಿಂದ ಬೇಳೆ ಚೆಲ್ಲಿತು.

"ಆಕಿ ಎಲ್ರಿ? ಬರಂಗಿಲ್ಲಂದ್ಲೇನ್ರಿ? ಅದನ್ನ ಹೇಳಾಕ ಬಂದೀರೇನ್ರಿ ನೀವು?"

ಬೀಗತಿ ದಪ್ಪ ದನಿಯ, ಗಟ್ಟಿಮುಟ್ಟಾದ ಹೆಂಗಸು. ಆ ದನಿ ಕೊನೆಗೆ ಬರುವಷ್ಟರಲ್ಲಿ ತೆಳ್ಳಗಾಗಿತ್ತು. ಬಸ್ಸಿನಲ್ಲಿ ತಯಾರು ಮಾಡಿಕೊಂಡದ್ದೆಲ್ಲ ನನಗೆ ಮರೆತುಹೋಯಿತು.

"ನಡಕೋತ ಬರಾಕತ್ತಾಳ್ರಿ. ಗಾಡಿ ಮ್ಯಾಲೆ ಜಾಗಾ ಇರಲಿಲ್ಲ" ಎಂದೆ.

ಅವರು ಕೂತುಬಿಟ್ಟರು. ಸ್ವಲ್ಪ ಹೊತ್ತು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಶುರು ಮಾಡಿದರು. "ತಿಂಗಳಾತು ಹಾದಿ ನೋಡಾಕತ್ತೀವ್ರಿ! ಒಯ್ದವರು ತಂದು ಬಿಡಬೇಕಲ್ರಿ? ಹಬ್ಬ ಆತು, ಎಂಟ ದಿನ ಆತು, ಹದಿನೈದ ದಿನ ಆತು, ತರವಲ್ರು ಅಂದ್ರ ನಾವು ಏನ್ ತಿಳಕೋಬೇಕ್ರಿ? ಪ್ಯಾಟಿ ಮಂದಿ, ಮಗಳಿಗಿ ಎಮ್ಮಿ ವಾಸನಿ ಸೇರಲಿಲ್ಲೇನೋ, ಫ್ಯಾಕ್ಟರಿ ಹತ್ತರ ಆಗ್ತದಂತ ಇಟಗೊಂಡಾರೇನೋ... ನಮ್ಮವರಂತೂ ಬೀಗರು ಬರದ ನಾವಾಗಿ ಕೇಳೋದಿಲ್ಲ ಅಂತ ಕೂತಾರ. ಇವತ್ತ ಬರ್ತೀರಂತ ಹೋಳಿಗಿ, ನಾಳೆ ಬರ್ತೀರಂತ ಹೋಳಿಗಿ. ಮಾಡಿ ಮಾಡಿ ನಾವ ತಿಂದೀವ್ರಿ."

"ನಿಮ್ಮಲ್ಲಿ ಒಯ್ದವರು ತಂದು ಬಿಡ್ತಾರೇನ್ರಿ?" ಎಂದೆ.

"ಮತ್ತ? ನಿಮ್ಮಲ್ಲಿ?"

"ಗಂಡನ ಮನಿಯವರು ಬಂದು ಒಯ್ತಾರ."

ಬೀಗತಿ ಚೆಲ್ಲಿದ ಬೇಳೆಯನ್ನು ಒಂದೊಂದೇ ಮೊರಕ್ಕೆ ಹಾಕತೊಡಗಿದರು. "ಯಾರರ ಒಂದ್ ಮಾತ್ ಹೇಳಬಾರದೇನ್ರಿ?" ಎಂದರು.

"ಯಾರರ ಒಂದ್ ಮಾತ್ ಕೇಳಬಾರದೇನ್ರಿ?" ಎಂದೆ ನಾನು.

ಇಬ್ಬರೂ ಗಾಡಿ ನಿಲ್ಲಿಸುತ್ತಿದ್ದವನ ಕಡೆ ನೋಡಿದೆವು. ಹೇಳಬೇಕಾದವನೂ ಕೇಳಬೇಕಾದವನೂ ಅವನೇ ಆಗಿದ್ದ.

"ಇಂವಗ ಕೇಳಿದ್ರ 'ಬರ್ತಾಳ ಬಿಡವ್ವಾ' ಅಂತಾನ್ರಿ" ಎಂದರು ಬೀಗತಿ. "ಅಷ್ಟ. ಮುಂಜಾನಿ ಏಳ್ತಾನ, ಆಕಿ ಗಾಡಿ ಚಾಲೂ ಮಾಡ್ತಾನ, ಅಂಗಳದಾಗ ನಿಂತು ಭರ್ ಭರ್ ಅನಸ್ತಾನ, ಬಂದ್ ಮಾಡಿ ಹೊಲಕ್ಕ ಹೋಗ್ತಾನ. ದಿನಾ! ಎಲ್ಲಿಗೂ ಹೋಗಂಗಿಲ್ಲ, ಬರಂಗಿಲ್ಲ. ನನಗಂತೂ ತಲಿ ಕೆಟ್ಟಾದೇನೋ ಅಂತ ಚಿಂತಿ ಹತ್ತಿತ್ತು."

"ಬ್ಯಾಟರಿ ಇಳೀತದ" ಎಂದ ಅವನು, ಯಾರಿಗೂ ಅಲ್ಲದ ಹಾಗೆ. ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟು ಕೊಟ್ಟಿಗೆಯ ಕಡೆ ಹೋದ.

ನಾಳೆ ಬಸ್ಸಿಗಿ ಗದ್ದಲ ಇರ್ತದ. ಆ ಮಾತು ನನಗೆ ಅಲ್ಲಿ, ಆ ಅಂಗಳದಲ್ಲಿ, ನಮ್ಮವರ ದನಿಯಲ್ಲೇ ಕೇಳಿಸಿತು. ಹೊಟ್ಟೆಯಲ್ಲಿ ಏನೂ ಆಗಲಿಲ್ಲ.

ಮೊಮ್ಮಗಳು ಬೆವರಿ ಬಂದಳು. ಅತ್ತೆಯ ಕಾಲು ಮುಟ್ಟಿದಳು. ಅತ್ತೆ ಅವಳ ಗಲ್ಲ ಹಿಡಿದು ನೋಡಿ, "ಒಂದಿಷ್ಟು ದಪ್ಪ ಆಗೀ ನೋಡು" ಎಂದರು. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಗಂಡ "ಬಂದಿ?" ಎಂದ.

"ಹ್ಞೂಂ. ಕರಾ ಎಲ್ಲದ?"

ಇಬ್ಬರೂ ಕರು ನೋಡಲು ಒಳಗೆ ಹೋದರು. ಎರಡು ಮನೆಗಳನ್ನು ಒಂದು ತಿಂಗಳು ನಿದ್ದೆಗೆಡಿಸಿದ ಪ್ರಕರಣ ಅಷ್ಟಕ್ಕೆ ಮುಗಿಯಿತು. ನಿದ್ದೆ ಕೆಡದವರು ಅವರಿಬ್ಬರೇ.

ಊಟವಾದ ಮೇಲೆ ಮಗನ ಫೋನ್ ಬಂತು. ನಡೆದದ್ದನ್ನು ಹೇಳಿದೆ. ಅವನು, "ಒಯ್ದವರ ತರಬೇಕಂತೇನು? ಇದ್ಯಾವ ಪದ್ಧತಿ?" ಎಂದ. ಆಮೇಲೆ, "ಆತು. ನೀ ಹೆಂಗ ಬರ್ತಿ? ಅಳಿಯಂದಿರು ಬಸ್ಸಿಗಿ ಕೂಡ್ರಸ್ತಾರೇನು?" ಎಂದ.

ಕೂಡಿಸುತ್ತಾರೆ. ನಮ್ಮವರು ಹೋದ ಮೇಲೆ ನಾನು ಎಷ್ಟೋ ಸಲ ಒಬ್ಬಳೇ ಬಸ್ಸಿನಲ್ಲಿ ಓಡಾಡಿದ್ದೇನೆ. ಬಸ್ಸುಗಳಿದ್ದವು, ಹೊತ್ತೂ ಇತ್ತು. ಮೊಮ್ಮಗಳಾಗಿದ್ದರೆ 'ನಾನ ಬರ್ತೀನಿ' ಎನ್ನುತ್ತಿದ್ದಳು. ನಾನೂ ಅದನ್ನೇ ಹೇಳಲು ಬಾಯಿ ತೆಗೆದೆ.

"ನೀ ಬಾ, ಕರಿಯಾಕ" ಎಂದೆ.

"ಈಗೇನ್ ಅವ್ವಾ? ಅಂಗಡಿ ಮುಚ್ಚಿ..."

"ಮುಚ್ಚಿ ಬರಬ್ಯಾಡ. ಮುಚ್ಚೋಕಿಂತ ಮೊದಲ ಬಾ."

ಆ ಕಡೆ ಏನು ಅನ್ನಿಸಿತೋ, "ಹೊಂಟೆ" ಎಂದ.

ಸೊಲ್ಲಾಪುರದಿಂದ ಅವನು ಬರಲು ಇನ್ನೂ ಬಹಳ ಹೊತ್ತಿತ್ತು. ನಾನು ಚಪ್ಪಲಿ ಹಾಕಿಕೊಂಡು, ಚೀಲ ಕಾಲ ಬಳಿ ಇಟ್ಟುಕೊಂಡು, ಹಾದಿ ಕಾಣುವ ಹಾಗೆ ಕಟ್ಟೆಯ ಮೇಲೆ ಕೂತೆ. ಬೀಗತಿ ನಮ್ಮ ಡಬ್ಬಿಯನ್ನು ಖಾಲಿ ಮಾಡಿ, ಖಾಲಿ ಡಬ್ಬಿ ಕಳಿಸಬಾರದೆಂದು ಹೋಳಿಗೆ ತುಂಬಿ ತಂದರು.

"ಇನ್ನಾ ಯಾಳ್ಯಾ ಅದಲ್ರಿ, ಒಳಗ ಬಂದು ಅಡ್ಡಾಗ್ರಿ" ಎಂದರು.

"ಇರಲಿ ಬಿಡ್ರಿ ಅತ್ತಿ" ಎಂದಳು ಮೊಮ್ಮಗಳು ಒಳಗಿನಿಂದ ಬರುತ್ತ. "ಆಯಿಗಿ ಹಂಗ ಕೂತ್ರ ಛಲೋ ಅನಸ್ತದ."

ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು. ಒಮ್ಮೆ ಆಕಳಿಸಿದಳು. ತಲೆ ನನ್ನ ಭುಜಕ್ಕೆ ಬಂತು, ಕಣ್ಣು ಮುಚ್ಚಿದವು. ಹಾದಿಯಲ್ಲಿ ಯಾವುದೋ ಗಾಡಿ ಬಂದು ಮುಂದೆ ಹೋಯಿತು, ನಮ್ಮದಲ್ಲ. ಭುಜ ಜೋಮು ಹಿಡಿಯತೊಡಗಿತು. ನಾನು ಅಲುಗದೆ ಹಾದಿ ನೋಡುತ್ತ ಕೂತೆ.